ಮಿಠಾಗರ್ ವಾಡೆಯ ಹಸಿರು ಸೀರೆ

2024ರ ಆಗಸ್ಟ್ 5, ಸೋಮವಾರ ಬೆಳಿಗ್ಗೆ ಹತ್ತರ ಸುಮಾರಿಗೆ ಮುಂಬೈ ಬಳಿಯ ಕಲ್ಯಾಣ ಪಶ್ಚಿಮದ ಪೊಲೀಸ್ ಠಾಣೆಯೊಂದಕ್ಕೆ ಬಂದ ದೂರಿನಲ್ಲಿ ದೆವ್ವದ ಮಾತೇ ಇರಲಿಲ್ಲ. ಖಾಡಿಯ, ಅಂದರೆ ಕಡಲ ಹಿನ್ನೀರಿನ, ದಂಡೆಯಲ್ಲಿರುವ ಮಿಠಾಗರ್ ವಾಡಾ ವಸ್ತುಸಂಗ್ರಹಾಲಯದ ವ್ಯವಸ್ಥಾಪಕ ಯಶ್ವಂತ್ ಅದನ್ನು ನೀಟಾಗಿ ಟೈಪ್ ಮಾಡಿಸಿ ತಂದಿದ್ದರು. ಭಾನುವಾರ ಸಂಜೆ ಬಾಗಿಲು ಹಾಕುವ ಹೊತ್ತಿಗೆ ಮೇಲಂತಸ್ತಿನ ಕೋಣೆಯಿಂದ ಮನೆತನದ ಹಳೆಯ ಹಸಿರು ಧಾರೆ ಸೀರೆ ಕಳವಾಗಿದೆ. ಕಾವಲುಗಾರ ಹುಲಗಪ್ಪ ಗಟಾರಿ ಅಮಾವಾಸ್ಯೆಯ ಪ್ರಯುಕ್ತ ಕುಡಿದು ಮೆಟ್ಟಿಲಿನಿಂದ ಬಿದ್ದು ಸರಕಾರಿ ಆಸ್ಪತ್ರೆಯಲ್ಲಿದ್ದಾನೆ. ಕಳವಿನಲ್ಲಿ ಅವನ ಕೈವಾಡ ಇದ್ದರೂ ಇರಬಹುದು. ಇದಿಷ್ಟೇ ದೂರು.

ಶ್ರಾವಣ ಹಿಡಿಯುವ ಮುಂಚಿನ ಈ ಅಮಾವಾಸ್ಯೆಗೆ ಇಲ್ಲಿನ ಕುಡುಕರು ತಿಂಗಳಿಡೀ ಕುಡಿಯಬೇಕಾದ್ದನ್ನು ಒಂದೇ ದಿನ ಕುಡಿದು ಮುಗಿಸುತ್ತಾರೆ. ಹಾಗಾಗಿ ಆ ದಿನ ಬಿದ್ದವರೆಲ್ಲ ಕುಡಿದೇ ಬಿದ್ದವರು ಎಂದು ಊರೇ ತೀರ್ಪು ಕೊಟ್ಟುಬಿಡುತ್ತದೆ. ಆದರೆ ಬೆಂಚಿನ ಮೇಲೆ ಕೂತಿದ್ದ ಹುಲಗಪ್ಪನ ಹೆಂಡತಿ ಚಂದ್ರಬಾಯಿ ಆ ತೀರ್ಪನ್ನು ಒಪ್ಪಲಿಲ್ಲ.

"ಸುಳ್ಳ ಬರೀಬ್ಯಾಡ್ರೀ ಸಾಹೇಬ್ರ. ನನ್ನ ಗಂಡ ಕುಡಿಯಂಗಿಲ್ಲ. ಹುಲಿಗೆಮ್ಮನ ಆಣಿರೀ."

ಇನ್ಸ್‌ಪೆಕ್ಟರ್ ಅನಘಾ ಸಾಲಿಯಾನ್ ದೂರಿನಿಂದ ತಲೆ ಎತ್ತಿದಳು. ತಂದೆ ಕಾಪು ಕಡೆಯಿಂದ ಬಂದು ಹೋಟೆಲಿನ ಗಲ್ಲಾದಲ್ಲಿ ಕೂತವರು, ಇವಳು ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದವಳು. ಮನೆಯಲ್ಲಿ ತುಳು, ಠಾಣೆಯಲ್ಲಿ ಮರಾಠಿ, ಸಿಟ್ಟು ಬಂದರೆ ಹಿಂದಿ. ಕನ್ನಡ ಕೇಳಿದರೆ ಮಾತ್ರ ಸ್ವಲ್ಪ ಮೆತ್ತಗಾಗುತ್ತಾಳೆ.

"ಅವರು ಏನು ಹೇಳ್ತಾರೆ?"

"ಏನೂ ಹೇಳವಲ್ರು. ಒಂದ ಮಾತ. 'ಆಕಿ ನನ್ನ ಕರದಾಳ' ಅಂತಾರ. ನಿನ್ನಿ ಸಂಜೀಲಿಂದ ಗುಟುಕು ನೀರು ಇಳಿಸಿಲ್ರೀ."

"ಆಕೆ ಅಂದರೆ?"

ಚಂದ್ರಬಾಯಿ ಯಶ್ವಂತರತ್ತ ನೋಡಿದಳು. ಯಶ್ವಂತರು ಕನ್ನಡಕ ಒರೆಸಿಕೊಳ್ಳತೊಡಗಿದರು.

ಎಫ್‌ಐಆರ್ ದಾಖಲಾಯಿತು. ಹವಾಲ್ದಾರ್ ಸಂಗಮೇಶ ಅಕ್ಕಲಕೋಟೆಯವನು, ಇಲಾಖೆಯಲ್ಲಿ ಹಳಬ. ಹೊಸ ನ್ಯಾಯ ಸಂಹಿತೆ ಬಂದು ತಿಂಗಳಾಗಿದ್ದರೂ ಅವನ ಕೈ ಹಳೆಯ ಕಲಮನ್ನೇ ಬರೆಯಿತು. ಅದನ್ನು ಹೊಡೆದು ಹೊಸದನ್ನು ಬರೆಯುವಾಗ ಅವನು ಪಿಸುಮಾತಿನಲ್ಲಿ ಹೇಳಿದ, "ಮೇಡಂ, ಆ ವಾಡೇದಾಗ ನವರಿ, ಅಂದ್ರ ಮದುಮಗಳ ದೆವ್ವ ಐತ್ರೀ. ಊರಿಗೆಲ್ಲ ಗೊತ್ತದ."

ಅನಘಾ ಮೊದಲು ಆಸ್ಪತ್ರೆಗೆ ಹೋದಳು. ಡ್ಯೂಟಿ ಡಾಕ್ಟರರ ಮಾತು ಚುಟುಕಾಗಿತ್ತು. ರಕ್ತದಲ್ಲಿ ಮದ್ಯ ಇಲ್ಲ. ಕಾಲು ಮುರಿದಿದೆ, ತಲೆಗೆ ಹೊಲಿಗೆ ಬಿದ್ದಿದೆ, ಅದರಿಂದೇನೂ ಪ್ರಾಣಕ್ಕೆ ಅಪಾಯವಿಲ್ಲ.

"ಆದರೆ ಇವನು ಸಲೈನನ್ನು ಎರಡು ಸಲ ಕಿತ್ತು ಹಾಕಿದ್ದಾನೆ. ನೀರು ಬಾಯಿಗೆ ಹಾಕಿದರೆ ಉಗುಳುತ್ತಾನೆ. ನಾಡಿ ಇಳಿಯುತ್ತಾ ಇದೆ. ಹೀಗೇ ಬಿಟ್ಟರೆ ಉಳಿಯೋದು ಕಷ್ಟ. ಹೆದರಿಕೆಗೆ ನನ್ನ ಹತ್ತಿರ ಇಂಜೆಕ್ಷನ್ ಇಲ್ಲ ಮೇಡಂ."

ಹುಲಗಪ್ಪ ರಾಯಚೂರಿನ ಕಡೆಯವನು. ಹತ್ತು ವರ್ಷ ಭಿವಂಡಿ ರಸ್ತೆಯ ಗೋದಾಮುಗಳಲ್ಲಿ ಮೂಟೆ ಹೊತ್ತ ಮೈ. ಆ ಮೈಯನ್ನು ಈಗ ಎರಡು ಚಾದರ ಹೊದ್ದಿಸಿ ಮಲಗಿಸಿದ್ದರು, ಆದರೂ ನಡುಗುತ್ತಿತ್ತು. ಕಣ್ಣು ವಾರ್ಡಿನ ಬಾಗಿಲಲ್ಲೇ ನೆಟ್ಟಿತ್ತು.

"ಏನು ನೋಡಿದಿ ಹುಲಗಪ್ಪ?"

"ನವರೀನ್ರೀ."

"ಎಲ್ಲಿ?"

"ಕ್ವಾಣಿ ಬಾಗ್ಲ ಹಾಕಾಕಂತ ಮ್ಯಾಲ ಹತ್ತಿದ್ನಿ. ಮೆಟ್ಲ ಮುಗಿಯೂ ಕಡೀಗೆ ಬಾಜೂದಾಗ ಆಕಿ ಕ್ವಾಣಿ ಬಾಗ್ಲ. ತಲೀ ಎತ್ತಿದ್ರ ಎದುರಿಗಿ ನಿಂತಾಳ್ರೀ. ಹಸರು ಸೀರಿ ತಲೀ ಮ್ಯಾಲಿಂದ ಹೊದ್ದಾಳ. ಕೈಯಾಗ ದೀಪ. ಮಾರಿ ಕಾಣವಲ್ದು. ಏನೋ ಅಂದ್ಳು, ನಮ್ಮ ಮಾತಲ್ಲ, ಮರಾಠೀನೂ ಅಲ್ಲ. ಆಮ್ಯಾಲ ಹಿಂಗ ಕೈ ಮಾಡಿ ಕರದ್ಳು."

ಅವನು ಚಾದರದೊಳಗಿಂದ ಕೈ ಹೊರತೆಗೆದು, ಎಳೆಕೂಸನ್ನು ಹತ್ತಿರ ಕರೆಯುವಂತೆ ಬೆರಳು ಮಡಚಿ ತೋರಿಸಿದ. ಪಕ್ಕದ ಹಾಸಿಗೆಯ ರೋಗಿ ಮುಖ ತಿರುಗಿಸಿಕೊಂಡ.

"ಆಕಿ ಕರದ್ರ ಉಳಿಯಂಗಿಲ್ರೀ. ಸೂರಜ್ ದಿನಾ ಹೇಳ್ತಾನ. ಊಟ ಮಾಡಿ ಏನ್ ಮಾಡ್ಲಿ?"

ಅನಘಾಗೆ ಕೇಸಿನ ಸ್ವರೂಪ ಅಲ್ಲೇ ಸ್ಪಷ್ಟವಾಯಿತು. ಸೀರೆ ಸಿಗುವುದು ಆಮೇಲಿನ ಮಾತು. ಆ ದೀಪ ಹಿಡಿದಿದ್ದ ಕೈ ಬದುಕಿರುವ ಯಾರದ್ದೋ ಎಂದು ಈ ಮನುಷ್ಯನಿಗೆ ಬೇಗ ತೋರಿಸದಿದ್ದರೆ ಇವನು ಸಾಯುತ್ತಾನೆ.

ಮಧ್ಯಾಹ್ನ ಸ್ಥಳ ಪಂಚನಾಮೆ. ಸೋಮವಾರ ಮ್ಯೂಸಿಯಮ್ಮಿಗೆ ರಜೆ. ಮಳೆಗೆ ಕರೆಂಟೂ ಹೋಗಿತ್ತು. ಮಿಠಾಗರ್ ವಾಡೆಯನ್ನು ನೂರೈವತ್ತು ವರ್ಷದ ಹಿಂದೆ ಉಪ್ಪಿನ ವ್ಯಾಪಾರದಲ್ಲಿ ದುಡ್ಡು ಮಾಡಿದ ದಿನಕರರಾವ್ ಎಂಬವರು ಕಟ್ಟಿಸಿದ್ದು. ಸಾಗುವಾನಿಯ ಕಂಬಗಳು, ನಡುವೆ ತೆರೆದ ಅಂಗಳ, ಗೋಡೆಯ ಹೊಟ್ಟೆಯೊಳಗೇ ಕೊರೆದ, ಒಬ್ಬರು ಮಾತ್ರ ಹತ್ತಬಹುದಾದ ಕಡಿದಾದ ಮೆಟ್ಟಿಲು. ವಂಶದವರು ಪುಣೆಗೆ ಹೋಗಿ ಮನೆ ಟ್ರಸ್ಟಿನ ಪಾಲಾಯಿತು, ಮ್ಯೂಸಿಯಂ ಆಯಿತು. ಉಪ್ಪಿನ ತಕ್ಕಡಿ, ಮುರುಕು ಪಲ್ಲಕ್ಕಿ, ತಾಮ್ರದ ಹಂಡೆಗಳನ್ನು ನೋಡಲು ನಾಯಿಯೂ ಬರುತ್ತಿರಲಿಲ್ಲ. ಮೂರು ವರ್ಷದ ಹಿಂದೆ ಮೇಲಿನ ಕೋಣೆಯಲ್ಲಿ ಒಂದು ಬೊಂಬೆಗೆ ಹಸಿರು ಸೀರೆ ಉಡಿಸಿ ನಿಲ್ಲಿಸಿದರು. ಧಾರೆಯ ಹಿಂದಿನ ದಿನ ಸತ್ತ ಹುಡುಗಿಯ ಕೋಣೆ ಇದು, ಸಂಜೆ ಗೆಜ್ಜೆ ಕೇಳುತ್ತದೆ, ಕನ್ನಡಿಯಲ್ಲಿ ಸೆರಗು ಕಾಣುತ್ತದೆ, ಅವಳು ಕೈ ಮಾಡಿ ಕರೆದವರು ಉಳಿಯುವುದಿಲ್ಲ ಎಂದು ಗೈಡ್ ಸೂರಜ್ ಹೇಳತೊಡಗಿದ. ಅಂದಿನಿಂದ ಜನ ಬಸ್ಸು ಮಾಡಿಕೊಂಡು ಬಂದರು.

ಪಂಚರಾಗಿ ಕರೆತಂದಿದ್ದ ಇಬ್ಬರು ಅಂಗಡಿಯವರು ಕೋಣೆಯ ಹೊಸ್ತಿಲು ದಾಟಲಿಲ್ಲ. ಇಲ್ಲಿಂದಲೇ ಎಲ್ಲ ಕಾಣುತ್ತದೆ ಎಂದರು. ಅನಘಾ ಟಾರ್ಚ್ ಹಿಡಿದು ಒಳಗೆ ಹೋದಳು, ಹಿಂದೆ ಸಂಗಮೇಶ.

ಬೊಂಬೆ ಗೋಡೆಯತ್ತ ಮುಖ ಮಾಡಿ ಬತ್ತಲೆ ನಿಂತಿತ್ತು. ಹಾನಿಯಾಗಿದೆಯೇ ನೋಡಲು ಅನಘಾ ಅದನ್ನು ತಿರುಗಿಸಿದಳು. ಪ್ಲಾಸ್ಟರಿನ ಎರಡೂ ಕೆನ್ನೆಗೆ ಅರಿಸಿನ ಹಚ್ಚಿತ್ತು, ಹಣೆಗೆ ಕುಂಕುಮ ಇಟ್ಟಿತ್ತು. ಸಂಗಮೇಶ ಒಂದು ಹೆಜ್ಜೆ ಹಿಂದೆ ಸರಿದ.

"ಭಾನಾಮತಿ ಮೇಡಂ. ಮುಟ್ಟಬ್ಯಾಡ್ರೀ."

ಬೊಂಬೆಯ ಕಾಲ ಬುಡದಲ್ಲಿ ಬಾಳೆಲೆ ಹಾಸಿತ್ತು. ಕುಚ್ಚಲಕ್ಕಿ ಅನ್ನ, ಪಲ್ಯ, ಹಸಿರು ಬಣ್ಣದ ಏನೋ ಸುರುಳಿ ಸುರುಳಿ ತಿನಿಸು. ಪಕ್ಕದಲ್ಲಿ ವೀಳ್ಯದೆಲೆ, ಅಡಿಕೆ, ಒಂದು ತೆಂಗಿನಕಾಯಿ, ಬಾಳೆನಾರಿನಲ್ಲಿ ಒತ್ತಾಗಿ ಕಟ್ಟಿದ ಮಲ್ಲಿಗೆಯ ಚೆಂಡು. ಅನ್ನವನ್ನು ಇಲಿಯಾಗಲಿ ಇರುವೆಯಾಗಲಿ ಮುಟ್ಟಿರಲಿಲ್ಲ.

"ಹಸರು ತಿನಿಸಿಗೆ ಏನಂತ ಬರೀಲಿ?" ಸಂಗಮೇಶ ಬಾಗಿಲ ಹತ್ತಿರದಿಂದಲೇ ಕೇಳಿದ.

"ಪತ್ರೊಡೆ."

ತುಳುನಾಡಿನಲ್ಲಿ ಮಳೆಗಾಲಕ್ಕೆ ಮಾಡುವ ಕೆಸುವಿನೆಲೆಯ ತಿನಿಸು. ಪತ್ರೊಡೆ ಇಲ್ಲಿಗೆ ಹೇಗೆ ಬಂತು? ಅವಳು ಟಾರ್ಚನ್ನು ಎಲೆಯ ಅಂಚಿನ ಉದ್ದಕ್ಕೂ ಹಾಯಿಸಿದಳು. ಊಟಕ್ಕೆ ಕೂತವರ ಎಡಕ್ಕೆ ಇರಬೇಕಾದ ಎಲೆಯ ತುದಿ ಬಲಕ್ಕಿತ್ತು. ಬಡಿಸಿದ್ದೂ ತಿರುವುಮುರುವು, ಪಲ್ಯ ಇರಬೇಕಾದಲ್ಲಿ ಉಪ್ಪು, ಉಪ್ಪಿರಬೇಕಾದಲ್ಲಿ ಪಲ್ಯ. ಇಂಥ ಎಲೆಯನ್ನು ಅವಳು ಚಿಕ್ಕಂದಿನಲ್ಲಿ ಡೊಂಬಿವಲಿಯ ಮನೆಯ ಅಡುಗೆಕೋಣೆಯಲ್ಲಿ ಒಮ್ಮೆ ನೋಡಿದ್ದಳು. ತೀರಿಹೋದ ಅಜ್ಜನಿಗೆ ಬಡಿಸಿ, ದೀಪ ಇಟ್ಟು, ತಾಯಿ ಬಾಗಿಲು ಎಳೆದುಕೊಂಡಿದ್ದರು. ಅವರು ಉಣ್ಣುವಾಗ ನೋಡಬಾರದು ಎಂದಿದ್ದರು. ಇವಳು ಬಾಗಿಲ ಸಂದಿಯಲ್ಲಿ ಇಣುಕಲು ಹೋಗಿ ಪೆಟ್ಟು ತಿಂದಿದ್ದಳು.

ಈಗ ಮೈಮೇಲೆ ಖಾಕಿ ಇತ್ತು, ಕೈಯಲ್ಲಿ ಸರಕಾರಿ ಟಾರ್ಚ್ ಇತ್ತು. ಆದರೂ ನೋಡಬಾರದ್ದನ್ನು ನೋಡುತ್ತ ನಿಂತಿದ್ದೇನೆ ಎಂದು ಅವಳು ಟಾರ್ಚನ್ನು ಎಲೆಯಿಂದ ಆಚೆ ತಿರುಗಿಸಿದಳು. ಖಾಡಿಯ ಕಡೆಯ ಕಿಟಕಿ ಧಡಾರನೆ ಬಡಿಯಿತು. ಪಂಚರಲ್ಲಿ ಒಬ್ಬ ಆಗಲೇ ಮೆಟ್ಟಿಲು ಇಳಿದಾಗಿತ್ತು. ಅವನನ್ನು ವಾಪಸ್ ಕರೆಸಿ ಸಹಿ ಹಾಕಿಸುವುದು ಸಂಗಮೇಶನಿಗೇ ಒಂದು ಕೆಲಸವಾಯಿತು.

ಕೆಳಗೆ ಅಂಗಳದ ಜಗಲಿಯಲ್ಲಿ ಕೂತ ಮೇಲೆ ಅನಘಾ ಹೇಳಿದಳು, "ಕಳ್ಳ ಆದವನು ಕದ್ದು ಓಡ್ತಾನೆ ಸಂಗಮೇಶ. ಅರಿಸಿನ ಹಚ್ಚಿ, ಎಲೆ ಬಡಿಸಿ, ವೀಳ್ಯ ಇಟ್ಟು ಹೋಗೋದಿಲ್ಲ. ಇದು ಹೆಣ್ಣು ಕೇಳಿಕೊಂಡು ಹೋಗಿರೋದು."

"ಯಾರಿಗ್ರೀ?"

"ಸತ್ತ ಗಂಡಿಗೆ. ನಮ್ಮ ತುಳುನಾಡಿನಲ್ಲಿ ಮದುವೆಗೆ ಮೊದಲೇ ಸತ್ತವರು ಸತ್ತಲ್ಲೇ ಬೆಳೀತಾರೆ ಅಂತ ನಂಬಿಕೆ. ಪ್ರಾಯಕ್ಕೆ ಬಂದಾಗ ಮನೆಯವರನ್ನು ಕಾಡ್ತಾರೆ, ಒಡಹುಟ್ಟಿದವರ ಮದುವೆ ಆಗ್ಲಿಕ್ಕೆ ಬಿಡೋದಿಲ್ಲ. ಆಗ ಇನ್ನೊಂದು ಮನೆಯಲ್ಲಿ ಹಾಗೇ ಸತ್ತ ಹೆಣ್ಣನ್ನು ಹುಡುಕಿ ಇಬ್ಬರಿಗೂ ಮದುವೆ ಮಾಡ್ತಾರೆ. ಅವರ ಬದಲು ಬಟ್ಟೆ ಇಟ್ಟು ಮಾಡೋದು. ಆಟಿ ತಿಂಗಳಲ್ಲಿ. ನಿನ್ನೆ ಇಲ್ಲಿಯವರಿಗೆ ಗಟಾರಿ, ನಮಗೆ ಆಟಿ ಅಮಾವಾಸ್ಯೆ."

ಸಂಗಮೇಶ, "ಅಂದ್ರ ದೆವ್ವಕ್ಕ ದೆವ್ವ ಗಂಟ್ ಹಾಕಿದ್ದಕ್ಕ ಕಳವಿನ 305 ಕಲಂ ಹಚ್ಚೀವಿ ನಾವು" ಅಂದ. ಇಬ್ಬರಿಗೂ ನಗು ಬರಲಿಲ್ಲ.

ಗೇಟಿನ ಕ್ಯಾಮೆರಾದಲ್ಲಿ ಭಾನುವಾರದ ಮಳೆಗೆ ಕೊಡೆಗಳು ಒಳಗೆ ಹೋಗುವುದು, ಕೊಡೆಗಳು ಹೊರಗೆ ಬರುವುದು ಕಂಡಿತು. ಕೊಡೆಯ ಕೆಳಗೆ ಯಾರು ಎಂದು ದೇವರೇ ಹೇಳಬೇಕು. ಅನಘಾ ಗೈಡ್ ಸೂರಜನನ್ನು ಕರೆಸಿದಳು. ತಾಯಿ ಧಾರವಾಡ ಕಡೆಯವರಾದ್ದರಿಂದ ಅವನಿಗೆ ಕನ್ನಡ ಬರುತ್ತದೆ, ನಡುನಡುವೆ ಹಿಂದಿ ನುಗ್ಗುತ್ತದೆ. ಯಶ್ವಂತರೂ ಬಂದು ಕೂತರು.

"ಈ ಹುಡುಗಿ ಯಾರು?" ಅನಘಾ ಕೇಳಿದಳು.

"ದಿನಕರರಾಯರ ಕಿರಿಯ ಮಗಳು" ಎಂದರು ಯಶ್ವಂತ್.

"ಅಲ್ರೀ," ಸಂಗಮೇಶ ಮಧ್ಯೆ ಬಾಯಿ ಹಾಕಿದ, "ಆಕಿ ನಮ್ಮ ಅಕ್ಕಲಕೋಟಿ ಕಡೆಯಾಕಿ. ಹ್ವಾದ ದೀಪಾವಳಿಗೆ ನಮ್ಮ ಅತ್ತೀನ್ನ ಕರಕೊಂಡು ಬಂದಾಗ ಇವನ ಹೇಳಿದ್ದ. ಅತ್ತಿ ಗೊಳೋ ಅಂತ ಅತ್ತಳು."

ಅನಘಾ ಸೂರಜನತ್ತ ತಿರುಗಿದಳು.

"ಮೇಡಂ, ಗ್ರೂಪ್ ಹೇಗೋ ಸ್ಟೋರಿ ಹಾಗೆ" ಎಂದ ಅವನು. "ಸೋಲಾಪುರದವ್ರು ಬಂದ್ರೆ ಅಕ್ಕಲಕೋಟ್. ಗುಜರಾತಿ ಬಂದ್ರೆ ಭಾವನಗರ್. ಅಪ್ನೇ ಗಾಂವ್ ಕೀ ಲಡ್ಕೀ ಬೋಲಾ ತೋ ಲೋಗ್ ರೋತೇ ಹೈಂ. ನಮ್ಮೂರ ಹುಡುಗಿ ಅಂತ ಅತ್ತವ್ರು ಇನ್ನೊಂದು ಗ್ರೂಪ್ ಕಳಿಸ್ತಾರೆ."

"ಉಡುಪಿಯವರು ಬಂದರೆ?"

"ಮುಲ್ಕಿ. ಅಡುಗೆಯವನ ಮಗಳು ಅಂತ."

"ನಿಜವಾಗಿ ಯಾರು?"

"ಕೋಯೀ ನಹೀಂ. ಯಾರೂ ಇಲ್ಲ ಮೇಡಂ. ಸೀರೆ ಪುಣೆಯ ಹಳೇ ಸಾಮಾನಿನ ಅಂಗಡಿಯಿಂದ ತಂದದ್ದು."

ದೂರಿನಲ್ಲಿ ಮನೆತನದ ಸೀರೆ ಎಂದು ಟೈಪ್ ಮಾಡಿಸಿದ್ದ ಯಶ್ವಂತರು ಈಗ ಖಾಡಿಯತ್ತ ನೋಡುತ್ತಿದ್ದರು. ಅನಘಾಗೆ ಕೆಟ್ಟ ಕೋಪ ಬಂತು. ಸೂರಜನ ಬಾಯಿಚಪಲ ಹುಟ್ಟಿಸಿದ ಹುಡುಗಿ ಆಸ್ಪತ್ರೆಯಲ್ಲೊಬ್ಬ ಗಟ್ಟಿಮುಟ್ಟಾದ ಆಳನ್ನು ಹಾಸಿಗೆಯಲ್ಲಿ ನಡುಗಿಸಿ ಕೊಲ್ಲುತ್ತಿದ್ದಾಳೆ.

"ಉಡುಪಿ ಕಡೆಯ ಗ್ರೂಪ್ ಇತ್ತೀಚೆಗೆ ಯಾವುದು ಬಂದಿತ್ತು?"

"ಜುಲೈಯಲ್ಲಿ. ಥಾಣೆಯ ಮಹಿಳಾ ಸಂಘ. ಒಬ್ರು ಆಂಟಿ ಹಿಂದೆ ಉಳಿದ್ರು. ಹುಡುಗಿಗೆ ಮದುವೆ ಆಗಿರಲಿಲ್ಲ ಅಲ್ವಾ ಅಂತ ಕೇಳಿದ್ರು. ಆಮೇಲೆ ಬರಿ ಯಾವುದು ಅಂದ್ರು. ಬರಿ ಅಂದ್ರೆ ನನಗೆ ಗೊತ್ತಿಲ್ಲ. ಅವರೇ ನಾಲ್ಕೈದು ಹೆಸರು ಹೇಳಿದ್ರು. ನಾನು ಒಂದಕ್ಕೆ ಹಾಂ ಅಂದೆ."

ಬರಿ ಅಂದರೆ ತಾಯಿಯಿಂದ ಬರುವ ಬಳಿ, ಗೋತ್ರದ ಹಾಗೆ. ಒಂದೇ ಬರಿಯವರು ಒಡಹುಟ್ಟಿದವರ ಲೆಕ್ಕ, ಮದುವೆಯಾಗುವಂತಿಲ್ಲ. ಈ ಕಟ್ಟು ಸತ್ತವರಿಗೂ ಉಂಟು.

"ಯಾವುದಕ್ಕೆ ಹಾಂ ಅಂದಿ?"

ಸೂರಜ್ ಅವಳ ಎದೆಯ ಮೇಲಿನ ಹೆಸರಿನ ಪಟ್ಟಿಯನ್ನು ನೋಡಿದ.

"ಸಾಲಿಯಾನ್."

ಆ ದಿನ ಸಂಘದವರು ಅಂಗಳದಲ್ಲಿ ನಿಂತು ತೆಗೆಸಿದ ಗುಂಪಿನ ಫೋಟೋ ಅಧ್ಯಕ್ಷೆಯ ಮೊಬೈಲಿನಿಂದ ಸಂಜೆಯೊಳಗೆ ಬಂತು. ಎಲ್ಲರೂ ಕ್ಯಾಮೆರಾ ನೋಡಿ ನಗುತ್ತಿದ್ದರು. ಕೊನೆಯಲ್ಲಿ ನಿಂತಿದ್ದ ಐವತ್ತು ದಾಟಿದ ಹೆಂಗಸೊಬ್ಬರು ಮಾತ್ರ ಕತ್ತು ತಿರುಗಿಸಿ ಮೇಲಿನ ಕೋಣೆಯ ಕಿಟಕಿ ನೋಡುತ್ತಿದ್ದರು. ಸೂರಜ್ ಅವರ ಮೇಲೆಯೇ ಬೆರಳಿಟ್ಟ. ಹೆಸರು ವಾರಿಜಾ, ನೌಪಾಡಾದಲ್ಲಿ ಶಾಕಾಹಾರಿ ಹೋಟೆಲ್ ನಡೆಸುವ ಮುರಾರಿಯವರ ಹೆಂಡತಿ, ಮನೆ ವರ್ತಕ ನಗರ ಎಂದು ಅಧ್ಯಕ್ಷೆ ತಿಳಿಸಿದರು. ವಾರಿಜಕ್ಕ ತುಂಬ ಒಳ್ಳೆಯವರು ಎಂದೂ ಸೇರಿಸಿದರು.

ಆಸ್ಪತ್ರೆಯಿಂದ ಚಂದ್ರಬಾಯಿಯ ಫೋನ್ ಬಂತು. ಹುಲಗಪ್ಪ ಈಗ ಮಾತೂ ನಿಲ್ಲಿಸಿದ್ದಾನೆ.

ಮಂಗಳವಾರ ಬೆಳಿಗ್ಗೆಯೇ ಅನಘಾ, ಸಂಗಮೇಶ ಮತ್ತು ಒಬ್ಬ ಮಹಿಳಾ ಕಾನ್‌ಸ್ಟೆಬಲ್ ವರ್ತಕ ನಗರಕ್ಕೆ ಹೋದರು. ಬಾಗಿಲು ತೆರೆದದ್ದು ಮಗಳು ನಿಶಾ, ಆಫೀಸಿಗೆ ಹೊರಟ ಉಡುಪಿನಲ್ಲಿದ್ದಳು. ಪೊಲೀಸರನ್ನು ಕಂಡು "ಪಪ್ಪಾ ಹೋಟೆಲ್ ಪೇ ಹೈಂ" ಎಂದಳು. ಅಷ್ಟರಲ್ಲಿ ಒಳಗಿನಿಂದ ವಾರಿಜಾ ಕೈ ಒರೆಸಿಕೊಳ್ಳುತ್ತ ಬಂದರು. ಅವರ ಕಣ್ಣು ಹೆಸರಿನ ಪಟ್ಟಿಗೆ ಹೋಯಿತು. ಅಕ್ಷರ ಕೂಡಿಸಿ ಓದಿದರು. ಮುಖ ಅರಳಿತು.

"ಸಾಲಿಯಾನಾ? ಬನ್ನಿ, ಬನ್ನಿ. ಹೆಣ್ಣಿನ ಕಡೆಯವರು ಒಬ್ಬರಾದ್ರೂ ಬಂದೇ ಬರ್ತಾರೆ ಅಂತ ನಂಗೆ ಮನಸ್ಸು ಹೇಳ್ತಾ ಇತ್ತು. ನಿಶಾ, ಬೆಲ್ಲ ನೀರು ತಾ ಮಗಾ."

ಅನಘಾ ಎಷ್ಟೋ ಮನೆಗಳಿಗೆ ಬಂಧಿಸಲು ಹೋಗಿದ್ದಾಳೆ. ಬೈಗುಳ ಕೇಳಿದ್ದಾಳೆ, ಒಮ್ಮೆ ಸೌಟಿನಲ್ಲಿ ಹೊಡೆತವೂ ಬಿದ್ದಿದೆ. ಬೀಗಿತ್ತಿಯೆಂದು ಯಾರೂ ಬರಮಾಡಿಕೊಂಡಿರಲಿಲ್ಲ. ಬೆಲ್ಲ ನೀರನ್ನು ಅವಳು ಮುಟ್ಟಲಿಲ್ಲ, ಮುಟ್ಟಲು ಹೆದರಿಕೆಯಾಯಿತು.

"ಸೀರೆ ಎಲ್ಲಿದೆ?"

"ಒಳಗೆ. ಇಬ್ಬರೂ ಒಳಗೇ ಇದ್ದಾರೆ."

ಒಳಗಿನ ಕೋಣೆಯ ಕಿಟಕಿಗೆ ಪರದೆ ಎಳೆದಿತ್ತು. ಎರಡು ಮಣೆಗಳು. ಒಂದರ ಮೇಲೆ ಹೊಸ ಬಿಳಿ ಮುಂಡು, ಶಲ್ಯ, ಅದರ ಮೇಲೆ ಎಳೆಮಗುವಿನ ಬೆಳ್ಳಿಯ ಉಡಿದಾರ. ಇನ್ನೊಂದರ ಮೇಲೆ ಹಸಿರು ಸೀರೆ, ಕರಿಮಣಿ, ಬಾಡಿದ ಮಲ್ಲಿಗೆ. ಶಲ್ಯದ ತುದಿಗೂ ಸೆರಗಿನ ತುದಿಗೂ ಗಂಟು ಹಾಕಿತ್ತು. ಎದುರಿಗೆ ಎರಡು ಎಲೆ, ಎರಡೂ ತಿರುವಿ ಹಾಸಿದ್ದವು. ನಿಶಾ ಬಾಗಿಲಲ್ಲಿ ನಿಂತು ನೋಡಿದಳು. ಪೂಜೆ ಇದೆ, ಎರಡು ದಿನ ಈ ಕೋಣೆಗೆ ಬರಬೇಡ ಎಂದು ತಾಯಿ ಹೇಳಿದ್ದಷ್ಟೇ ಅವಳಿಗೆ ಗೊತ್ತಿತ್ತು.

"ಮಮ್ಮೀ, ತುಮ್‌ನೇ ಚೋರೀ ಕೀ?"

"ಕದ್ದದ್ದಲ್ಲ. ವೀಳ್ಯ ಇಟ್ಟು ಕೇಳಿ ತಂದದ್ದು."

ಅನಘಾ ಪ್ರಶ್ನೆ ಮುಂದುವರಿಸಿದಳು. "ವಾಡೆಯಿಂದ ಹೇಗೆ ಹೊರಗೆ ಬಂದಿರಿ?"

"ಹಿಂದಿನ ಮೆಟ್ಟಿಲಲ್ಲಿ. ಕೆಲಸದವರದ್ದು ಅಂತ ಆ ಗೈಡ್ ಹುಡುಗ ತೋರಿಸಿದ್ದ ಅವತ್ತು. ಸೀರೆ ನಾನು ಹೊದ್ದುಕೊಂಡೆ. ಮದುಮಗಳು ಬೋಳು ತಲೆಯಲ್ಲಿ ಹೊಸ್ತಿಲು ದಾಟ್ಲಿಕ್ಕಿಲ್ಲ ಅಲ್ವಾ? ದೀಪ ಹಿಡಿದು ಬಾಗಿಲ ಹೊರಗೆ ನಿಂತು, ಕೋಣೆಯ ಕಡೆ ಕೈ ಮಾಡಿ, ತುಳುವಿನಲ್ಲಿ ಅವಳನ್ನು ಕರೆದೆ. ಮೂರು ಸಲ."

"ಕಾವಲುಗಾರ ಬಿದ್ದದ್ದು?"

ವಾರಿಜಾ ಮಣೆಗಳಿಂದ ಕಣ್ಣು ತೆಗೆದು ಅನಘಾಳತ್ತ ನೋಡಿದರು.

"ಏನೋ ಬಿದ್ದ ಶಬ್ದ ಕೇಳಿತು. ಅಷ್ಟರಲ್ಲಿ ನಾನು ತಿರುಗಿಯಾಗಿತ್ತು. ಹಿಂದೆ ನೋಡ್ಲಿಕ್ಕಿಲ್ಲ ಮೇಡಂ. ನೋಡಿದ್ರೆ ಕರೆದವರು ಅಲ್ಲೇ ನಿಲ್ತಾರೆ. ಕಾವಲಿನವನಾ ಬಿದ್ದದ್ದು? ತುಂಬ ಪೆಟ್ಟಾಯ್ತಾ?"

ಪಂಚನಾಮೆ ಮುಗಿಸಿ, ಬಟ್ಟೆಗಳನ್ನು ಗಂಟು ಸಮೇತ ಒಂದೇ ಪೊಟ್ಟಣದಲ್ಲಿ ಸೀಲ್ ಮಾಡಿದರು. ಬೇರೆ ಬೇರೆ ಮಾಡಬೇಕಿತ್ತು, ಬಿಚ್ಚಲು ಯಾರೂ ಮುಂದಾಗಲಿಲ್ಲ. ಮುರಾರಿಗೆ ಫೋನಿನಲ್ಲಿ ತಿಳಿಸಿ, ಹನ್ನೊಂದು ಗಂಟೆಗೆ ವಾರಿಜಾರನ್ನು ಬಂಧಿಸಿದ್ದಾಗಿ ದಾಖಲೆ ಮಾಡಿದರು. ಜೀಪು ಪೊಲೀಸ್ ಠಾಣೆಗೆ ಹೋಗಲಿಲ್ಲ, ನೇರ ಆಸ್ಪತ್ರೆಗೆ ಹೋಯಿತು.

ಗುರುತು ಹಿಡಿಸುವ ಕ್ರಮ ಇದಲ್ಲ. ಕ್ರಮ ಹಿಡಿದು ಹೋಗಲು ತಹಶೀಲ್ದಾರರಿಗೆ ಕಾಯಬೇಕು, ಅಷ್ಟು ಹೊತ್ತು ಹುಲಗಪ್ಪನಿಗೆ ಇತ್ತೋ ಇಲ್ಲವೋ. ವಾರಿಜಾ ಹಾಸಿಗೆಯ ಹತ್ತಿರ ಬಂದಾಗ ಅವನು ಮೊಣಕೈ ಊರಿ ಗೋಡೆಯ ಕಡೆಗೆ ಸರಿಯಲು ನೋಡಿದ. ಚಂದ್ರಬಾಯಿ ಅವನ ಭುಜ ಹಿಡಿದುಕೊಂಡಳು.

"ನೋಡ್ರೀ, ಮನಿಷಾರ ಅದಾರ್ರೀ. ಹೆಣಮಗಳು ಅದಾರ."

"ಕಾಲು" ಎಂದ ಹುಲಗಪ್ಪ. "ಕಾಲು ತೋರಸಂತ ಹೇಳು."

ವಾರಿಜಾ ಸೀರೆಯ ನೆರಿಗೆಯನ್ನು ಸ್ವಲ್ಪ ಎತ್ತಿ ಕಾಲು ತೋರಿಸಿದರು. ಪಾದ ಮುಂದಕ್ಕೇ ಇತ್ತು, ಹಿಮ್ಮಡಿ ಒಡೆದಿತ್ತು, ಬೆರಳಲ್ಲಿ ಸವೆದ ಕಾಲುಂಗುರ ಇತ್ತು. ಅವನು ಅದನ್ನೇ ನೋಡಿದ. ವಾರಿಜಾ ಅಳತೊಡಗಿದರು.

"ನಿನ್ನನ್ನು ಕರೆದದ್ದಲ್ಲ ಮಗಾ. ನೀನು ಅಲ್ಲಿದ್ದದ್ದೇ ನಂಗೆ ಕಾಣಲಿಲ್ಲ. ನನ್ನ ಸೊಸೆಯನ್ನು ಕರೆದದ್ದು ನಾನು. ನನ್ನ ತಪ್ಪಾಯ್ತು."

ಹುಲಗಪ್ಪ ಕೈ ಚಾಚಿ ಅವರ ಬೆರಳು ಮುಟ್ಟಿದ. ಬೆಚ್ಚಗಿತ್ತು. ಅವನ ಬಾಯಿಯಿಂದ ಒಂದು ವಿಚಿತ್ರವಾದ ಸದ್ದು ಬಂತು, ಆಮೇಲೆ ಅವನೂ ಅತ್ತ. ಡಾಕ್ಟರ್ ಬರುವಷ್ಟರಲ್ಲಿ ಚಂದ್ರಬಾಯಿ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದಳು, ಅವನು ಇನ್ನಷ್ಟು ಬೇಕೆಂದು ಬಾಯಿ ತೆರೆಯುತ್ತಿದ್ದ. ಅನಘಾ ಇದನ್ನು ಗಾಯಾಳುವಿನ ಪೂರಕ ಹೇಳಿಕೆ ಎಂದು ದಾಖಲಿಸಿದಳು. ಬಹಳ ದಿನದ ಮೇಲೆ ಅವಳಿಗೆ ತನ್ನ ಕೆಲಸದ ಬಗ್ಗೆ ಸಂತೋಷವಾಯಿತು.

ಮಧ್ಯಾಹ್ನ ಮುರಾರಿ ಪೊಲೀಸ್ ಠಾಣೆಗೆ ಬಂದು ತಲೆ ಹಿಡಿದು ಕೂತರು. ಅವರೂ ವಾರಿಜಾರೂ ಹೇಳಿದ್ದನ್ನು ಸೇರಿಸಿದರೆ ಕಾರಣ ಇಷ್ಟು. ನಿಶಾಳಿಗಿಂತ ಮೊದಲು ಅವರಿಗೊಬ್ಬ ಗಂಡುಮಗು ಹುಟ್ಟಿತ್ತು, ಕಿಟ್ಟು ಎಂದು ಕರೆಯುತ್ತಿದ್ದರು. ನಡೆಯಲು ಕಲಿಯುವ ಮುಂಚೆಯೇ ಜ್ವರಕ್ಕೆ ಹೋಯಿತು. ಈಗ ನಿಶಾಳಿಗೆ ನಿಶ್ಚಯವಾದ ಎರಡು ಸಂಬಂಧ ಮುರಿದುಬಿದ್ದಿವೆ, ಮೂರನೆಯದು ಕಾರ್ತಿಕಕ್ಕೆ ನಿಂತಿದೆ. ವಾರಿಜಾರಿಗೆ ಕನಸಿನಲ್ಲಿ ಮೀಸೆ ಬಂದ ಗಂಡಸೊಬ್ಬ ನಿಶಾಳ ಮಂಚದ ಬುಡದಲ್ಲಿ ನಿಂತಿರುವುದು ಕಾಣುತ್ತಿತ್ತು. ಅವನ ಸೊಂಟದಲ್ಲಿ ಮಗುವಿನ ಉಡಿದಾರ. ಊರಿನಿಂದ ಹೆಣ್ಣು ಹುಡುಕಿಸೋಣ ಎಂದರೆ ಮುರಾರಿ ಬೈದು ಬಾಯಿ ಮುಚ್ಚಿಸಿದ್ದರು.

"ಈ ಮುಂಬೈಯಲ್ಲಿ ಬದುಕಿರೋ ಹೆಣ್ಣೇ ಸಿಗೋದಿಲ್ಲ, ಸತ್ತ ಹೆಣ್ಣು ಎಲ್ಲಿಂದ ತರ್ತಿ ಅಂತ ತಮಾಷೆ ಮಾಡಿದೆ ಮೇಡಂ ನಾನು" ಎಂದರು ಮುರಾರಿ. ಹೊರಗೆ ಹೋಗಿ ಬೆಂಚಿನ ಮೇಲೆ ಕೂತರು.

ಹೇಳಿಕೆಗೆ ಸಹಿ ಹಾಕಿ ವಾರಿಜಾ ಪೆನ್ನು ಕೆಳಗಿಟ್ಟರು. ಅವರು ಹಗುರಾಗಿದ್ದರು. ಜೈಲಾದರೂ ಚಿಂತೆಯಿಲ್ಲ, ಮದುವೆ ಆಯಿತಲ್ಲ ಎಂಬಂತಿತ್ತು.

"ಒಂದು ಕೇಳ್ಲಾ ಮೇಡಂ? ಹುಡುಗಿಯ ಹೆಸರೇನು? ಆ ಹುಡುಗನಲ್ಲಿ ಕೇಳ್ಲಿಕ್ಕೆ ಮರೆತೆ. ವರ್ಷ ವರ್ಷ ಬಡಿಸುವಾಗ ಹೆಸರು ಹಿಡಿದು ಕರೀಬೇಕಲ್ಲ. ನೀವು ಅವಳ ಬರಿಯವರು, ನಿಮಗೆ ಗೊತ್ತಿರ್ಬೇಕು."

ಅನಘಾ ಯೋಚಿಸಿದಳು. ಸೂರಜನ ಹೇಳಿಕೆ ಚಾರ್ಜ್‌ಶೀಟಿನಲ್ಲಿ ಬರಲೇಬೇಕು, ನಾಳೆ ಕೋರ್ಟಿನಲ್ಲಿ ವಕೀಲರು ಅದನ್ನು ನಗುನಗುತ್ತ ಓದುತ್ತಾರೆ. ಅದಕ್ಕಿಂತ ಇವತ್ತು, ಇಲ್ಲಿ, ಮೆತ್ತಗೆ ಹೇಳುವುದು ಮೇಲು. ನಿಜ ಹೇಳಿದ್ದಕ್ಕೆ ಹುಲಗಪ್ಪ ಬೆಳಿಗ್ಗೆ ಗಂಜಿ ಉಂಡ. ಅದೇ ಮದ್ದು ಇಲ್ಲೂ ನಾಟೀತು ಎಂದು ಅವಳು ನಂಬಿದಳು.

"ಅಮ್ಮ, ಅಂಥ ಹುಡುಗಿ ಇರಲೇ ಇಲ್ಲ. ಮುಲ್ಕಿಯವಳೂ ಅಲ್ಲ, ಸಾಲಿಯಾನೂ ಅಲ್ಲ. ಜನ ಬರ್ಲಿ ಅಂತ ಆ ಗೈಡ್ ಕಟ್ಟಿದ ಕತೆ. ಸೀರೆ ಅಂಗಡಿಯದ್ದು. ನೀವು ಸುಮ್ಮನೆ ಒಂದು ಬಟ್ಟೆ ತಂದದ್ದು, ಅಷ್ಟೇ."

ವಾರಿಜಾ ಅಳಲಿಲ್ಲ.

"ಇಲ್ಲ" ಎಂದರು. "ಬಂದದ್ದು ಹೌದು. ಮೆಟ್ಟಿಲು ಇಳಿಯುವಾಗ ಹಿಂದಿನಿಂದ ಸೀರೆ ಎಳೆದ ಹಾಗೆ ಆಯ್ತು. ಕಲ್ಯಾಣದಿಂದ ಥಾಣೆಗೆ ಲೋಕಲ್ ರೈಲಿನಲ್ಲಿ ಬಂದೆ. ಭಾನುವಾರದ ರಶ್ಶು, ಹೆಂಗಸರು ಬಾಗಿಲಲ್ಲಿ ನೇತಾಡ್ತಿದ್ರು. ನನ್ನ ಪಕ್ಕದ ಸೀಟು ಖಾಲಿ ಇತ್ತು ಮೇಡಂ. ಥಾಣೆ ಬರುವವರೆಗೂ ಯಾರೂ ಕೂರಲಿಲ್ಲ. ಒಬ್ಬಳು ಕೂರ್ಲಿಕ್ಕೆ ಬಂದು, ಅಲ್ಲಿ ಯಾರೋ ಇದ್ದಾರೆ ಅಂದ್ಕೊಂಡು 'ಸಾರಿ' ಅಂದು ಹೋದ್ಲು."

ಅವರು ಮೇಜಿನ ಮೇಲೆ ಬಾಗಿ ಅನಘಾಳ ಮಣಿಕಟ್ಟು ಹಿಡಿದರು. ಬೆಳಿಗ್ಗೆ ಬೆಚ್ಚಗಿದ್ದ ಬೆರಳು ಈಗ ತಣ್ಣಗಿತ್ತು.

"ಮುಲ್ಕಿಯ ಹುಡುಗಿ ಅಲ್ಲ ಅಂದ್ರೆ, ನಾನು ಮನೆಗೆ ಕರ್ಕೊಂಡು ಬಂದದ್ದು ಯಾರನ್ನು?"

"ಯಾರನ್ನೂ ಇಲ್ಲ ಅಮ್ಮ."

"ನಿಶಾ ಅಲ್ಲಿ ಒಬ್ಬಳೇ ಇದ್ದಾಳೆ" ಎಂದರು ವಾರಿಜಾ.

ಅನಘಾ ಅವರ ಬೆರಳು ಬಿಡಿಸಿಕೊಂಡು, ನೀರು ಕೊಡಲು ಹೇಳಿ ಹೊರಗಿನ ವರಾಂಡಕ್ಕೆ ಬಂದಳು. ಮಳೆ ಜೋರಾಗಿತ್ತು, ನಾಲ್ಕು ಗಂಟೆಗೇ ಲೈಟು ಹಾಕಿದ್ದರು. ಇದೆಲ್ಲ ಹುಚ್ಚು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮೊಬೈಲ್ ತೆಗೆದು ನಿಶಾಳ ನಂಬರ್ ಒತ್ತಿದಳು. ಎರಡು ಸಲ ರಿಂಗ್ ಆಗಿ ನಿಂತಿತು. ಮೂರನೇ ಸಲಕ್ಕೆ ನಿಶಾ ಎತ್ತಿದಳು.

"ಎಲ್ಲಿದ್ದಿ?"

"ಘರ್ ಪೇ ಹೂಂ ಮೇಡಂ."

"ಒಳಗಿನ ಕೋಣೆಗೆ ಹೋಗಬೇಡ. ಈಗಲೇ ಮನೆಗೆ ಬೀಗ ಹಾಕಿ ನೌಪಾಡಾಕ್ಕೆ, ಅಪ್ಪನ ಹೋಟೆಲಿಗೆ ಹೋಗಿ ಕೂತಿರು. ಅಪ್ಪ ಬಂದ ಮೇಲೆ ಒಟ್ಟಿಗೇ ಮನೆಗೆ ಹೋಗಿ."

"ಕ್ಯೋಂ ಮೇಡಂ? ಪಂಚನಾಮಾ ಬಾಕೀ ಹೈ ಕ್ಯಾ?"

"ಹಾಂ" ಎಂದಳು ಅನಘಾ. "ಬಾಕಿ ಇದೆ."